ಉಸ್ತಾದ ಮರಿಲಿಂಗಪ್ಪನ ಬರ್ತರಫ್

ಆ ವರ್ಷಗಳಲ್ಲಿ ನಮ್ಮ ಕಡೆ ಯಾರ ಕುರ್ಚಿಯೂ ನೆಟ್ಟಗಿರಲಿಲ್ಲ. ನಿಜಾಮ ಸರಕಾರ ಹೋಯಿತು. ಅದರ ಬೆನ್ನಿಗೇ ಜಾಗೀರದಾರರು ಹೋದರು, ಅವರ ಹಿಂದೆ ಅವರ ಕುದುರೆಗಳೂ ಹೋದವು. ಇಷ್ಟು ದೊಡ್ಡ ದೊಡ್ಡವರೆಲ್ಲ ಹೋಗುವಾಗ ನಮ್ಮ ಸುರಪುರ ಎಲೆ ಅಡಿಕೆ ಜಗಿಯುತ್ತ ಕಟ್ಟೆಯ ಮೇಲೆ ಕೂತು ನೋಡಿತು, ಅಷ್ಟೆ. ಊರಿಗೆ ಊರೇ ಬೆವತದ್ದು ಫುಟ್‌ಬಾಲ್ ಉಸ್ತಾದ ಮರಿಲಿಂಗಪ್ಪನನ್ನು ಕೆಲಸದಿಂದ ತೆಗೆಯಬೇಕಾಗಿ ಬಂದಾಗ. ದಿಲ್ಲಿಯವರು ಇಡೀ ಹೈದರಾಬಾದ ಸಂಸ್ಥಾನವನ್ನು ನಾಲ್ಕೈದು ದಿನಗಳಲ್ಲಿ ತೆಗೆದುಕೊಂಡರು. ಒಬ್ಬ ಮರಿಲಿಂಗಪ್ಪನನ್ನು ತೆಗೆಯಲು ನಮಗೆ ಒಂದು ಇಡೀ ಚಳಿಗಾಲ ಸಾಲಲಿಲ್ಲ. ಇದರಿಂದಲೇ ತಿಳಿಯಬೇಕು ನಮ್ಮ ಊರಿನ ಮನುಷ್ಯರ ತೂಕ ಎಂಥದ್ದು ಅಂತ.

ಈ ಕತೆ ಹೇಳಲು ನನಗಿಂತ ಯೋಗ್ಯನಾದವನು ಕೃಷ್ಣಾ ಭೀಮಾ ನಡುವೆ ಸಿಗಲಿಕ್ಕಿಲ್ಲ. ನಾನು ಆ ತಂಡದ ಗೋಲ್‌ಕೀಪರ್. ನಾನು ನೋಡಿದಷ್ಟು ಗೋಲುಗಳನ್ನು, ಅದೂ ಅಷ್ಟು ಹತ್ತಿರದಿಂದ, ಹಿಂದೂಸ್ಥಾನದಲ್ಲಿ ಇನ್ನೊಬ್ಬ ನೋಡಿದ್ದರೆ ಮುಂದೆ ಬರಲಿ.

ಮರಿಲಿಂಗಪ್ಪ ರಂಗಂಪೇಟೆಯ ರಾಮಣ್ಣ ಸಾಹುಕಾರರ ಕಾಳಿನ ಅಂಗಡಿಯಲ್ಲಿ ಜೋಳ ಅಳೆಯುತ್ತಿದ್ದ. ಹೆಸರಿಗೆ ಮರಿಲಿಂಗಪ್ಪ, ಆ 'ಅಪ್ಪ'ವನ್ನು ಯಾರೂ ಹಚ್ಚಿ ಕರೆದದ್ದಿಲ್ಲ. ಸಾಹುಕಾರರು ಗಾದಿಯ ಮೇಲಿಂದ 'ಲೇ ಮರಿಲಿಂಗ್ಯಾ' ಅನ್ನುತ್ತಿದ್ದರು, ಗಿರಾಕಿಗಳೂ ಹಾಗೇ ಅನ್ನುತ್ತಿದ್ದರು, ಹಾದಿಯಲ್ಲಿ ಹೋಗುವ ಅಪರಿಚಿತರು ಕೂಡ ಅವನ ಮುಖ ನೋಡಿದ ಕೂಡಲೇ ಅದೇ ಹೆಸರಿಗೆ ಬರುತ್ತಿದ್ದರು. ಹೆಂಡತಿ ಮೋನಮ್ಮ ಹೆಸರು ಹಿಡಿಯುವಂತಿರಲಿಲ್ಲವಾದ್ದರಿಂದ 'ಏ, ಇಲ್ಲಿ' ಅನ್ನುತ್ತಿದ್ದಳು. ಅವನ ಜೀವಮಾನದ ಒಂದೇ ಸಾಧನೆ ಎಂದರೆ ಹೈದರಾಬಾದಿನ ಸೋದರಮಾವನ ಮನೆಯಲ್ಲಿ ಒಂದು ಬೇಸಿಗೆ ಕಳೆದು ಬಂದದ್ದು. ಅಲ್ಲಿ ಆಟದ ಬಯಲಿನ ಹೊರಗೆ ಮಾವ ಹುರಿಗಡಲೆ ಮಾರುತ್ತಿದ್ದ, ಇವನು ಬುಟ್ಟಿ ಹೊತ್ತಿದ್ದ. ಆದರೆ ಊರಿಗೆ ಬಂದು ಹೇಳುವಾಗ ಬುಟ್ಟಿಯ ಸಂಗತಿ ಹೇಗೋ ಜಾರಿಹೋಗಿ, 'ಹೈದರಾಬಾದದಾಗ ಫುಟ್‌ಬಾಲ್ ನಾವ ನೋಡಿಕೋತಿದ್ವಿ' ಅನ್ನುವುದಷ್ಟೇ ಉಳಿದುಕೊಂಡಿತು.

ಪೊಲೀಸ್ ಆ್ಯಕ್ಷನ್ ಮುಗಿದ ಮರುವರ್ಷ ನಮಗೆ ಬಳ್ಳಾರಿ ಕಡೆಯಿಂದ ಹೊಸ ತಹಸೀಲದಾರರು ಬಂದರು. ಅವರಿಗೆ ಫುಟ್‌ಬಾಲ್ ಹುಚ್ಚು. ಹೊಸ ರಾಜ್ಯದಲ್ಲಿ ಊರು ಊರುಗಳ ನಡುವೆ ಪ್ರೀತಿ ಬೆಳೆಯಬೇಕು, ಅದಕ್ಕೆ ಸುರಪುರ, ಶಹಾಪುರ, ಯಾದಗಿರಿ ಮೂರೂ ಊರು ಒಂದು ಬೆಳ್ಳಿ ಕಪ್ಪಿಗಾಗಿ ಆಡಬೇಕು ಅಂದರು. ಚಾವಡಿಯ ಮುಂದೆ ಜನ ಸೇರಿಸಿ, ಈ ಆಟ ಬಲ್ಲವರು ಯಾರಿದ್ದೀರಿ ಎಂದು ಕೇಳಿದರು. ಅದೇ ಹೊತ್ತಿಗೆ ಮರಿಲಿಂಗಪ್ಪನ ಪಂಚೆಯೊಳಗೆ ಒಂದು ಗೊದ್ದ, ದೊಡ್ಡ ಕರಿ ಇರುವೆ, ಹೊಕ್ಕಿತು. ಇಡೀ ಸಭೆಯಲ್ಲಿ ಎದ್ದು ನಿಂತವನು ಅವನೊಬ್ಬನೇ. ಜನ ಅವನ ಹೈದರಾಬಾದಿನ ಮಾತುಗಳನ್ನು ನೆನೆದು ಚಪ್ಪಾಳೆ ತಟ್ಟಿದರು. ಸಾಹೇಬರು ತಮ್ಮ ಕೈಯಾರೆ ಒಂದು ಸೀಟಿಯನ್ನು ಅವನ ಕೊರಳಿಗೆ ಹಾಕಿದರು. ಗೊದ್ದ ಕಚ್ಚುತ್ತಲೇ ಇತ್ತು. ಅವನ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ ಸಾಹೇಬರು ಇನ್ನೊಮ್ಮೆ ಚಪ್ಪಾಳೆ ಹೊಡೆಸಿದರು.

ಮರುದಿನದಿಂದ ಅವನು ಉಸ್ತಾದ. ಸುರಪುರದ ಜನ ಗೌರವ ಕೊಡುವುದು ತಡ, ಕೊಟ್ಟರೆ ಕೈ ಬಿಗಿ ಹಿಡಿಯುವವರಲ್ಲ. ಬಜಾರಿನಲ್ಲಿ 'ನಮಸ್ಕಾರ್ರಿ ಉಸ್ತಾದರ' ಅನ್ನದೆ ನಾಯಿ ಸಹ ಅವನ ಮುಂದೆ ಹಾಯುತ್ತಿರಲಿಲ್ಲ. ರಾಮಣ್ಣ ಸಾಹುಕಾರರೇ 'ಉಸ್ತಾದರ, ಆ ಚೀಲ ಇಳಸ್ತೀರೇನ್ರಿ?' ಅನ್ನತೊಡಗಿದರು. ಚೀಲ ಅಷ್ಟೇ ಭಾರವಿತ್ತು, ಆದರೆ ಅದನ್ನು ಇಳಿಸುವ ಬೆನ್ನು ಬೇರೆಯಾಗಿತ್ತು. ಮೋನಮ್ಮನಂತೂ ಊಟಕ್ಕೆ ಮಣೆ ಹಾಕಿ, ಬಾಗಿಲಲ್ಲಿ ನಿಂತು, ಓಣಿಗೆಲ್ಲ ಕೇಳುವಂತೆ 'ಬರ್ರಿ, ರೊಟ್ಟಿ ಆರ್ತಾವ' ಎಂದು ಕರೆಯುತ್ತಿದ್ದಳು.

ಚೆಂಡು ಬಂದದ್ದು ಮಹಾನವಮಿಯ ಹಿಂದಿನ ದಿನ. ಮುಂಬಯಿಯಿಂದ ರೈಲಿನಲ್ಲಿ ಯಾದಗಿರಿಗೆ, ಅಲ್ಲಿಂದ ಮೋಟಾರಿನಲ್ಲಿ ಸುರಪುರಕ್ಕೆ. ಮಹಾನವಮಿಗೆ ನಮ್ಮಲ್ಲಿ ಖಂಡೆ ಪೂಜೆ: ಬಡಿಗನ ಉಳಿ, ಒಕ್ಕಲಿಗನ ಕುಡಗೋಲು, ಕಚೇರಿಯ ಮಸಿ ದೌತಿ, ಎಲ್ಲಕ್ಕೂ ಪೂಜೆ. ಹಾಗಿದ್ದ ಮೇಲೆ ಉಸ್ತಾದನ ಆಯುಧ ಬಿಡುವುದುಂಟೆ? ಮರಿಲಿಂಗಪ್ಪ ಚೆಂಡನ್ನು ಕಂಬಳಿಯ ಗದ್ದಿಗೆಯ ಮೇಲೆ ಕೂಡಿಸಿ, ವಿಭೂತಿ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆದು ಮಂಗಳಾರತಿ ಮಾಡಿದ. ಓಣಿಯ ಹೆಣ್ಣುಮಕ್ಕಳು ಉಡಿ ತುಂಬಿದರು. ಅಂಥ ಪೂಜೆ ಮೈಸೂರಿನಲ್ಲೂ ಆ ವರ್ಷ ಆಗಿರಲಿಕ್ಕಿಲ್ಲ.

ತೊಂದರೆ ಶುರುವಾದದ್ದು ಆಮೇಲೆ. ನಮ್ಮಲ್ಲಿ ಪುಸ್ತಕಕ್ಕೆ ಕಾಲು ತಾಗಿದರೆ, ಕಾಳು ಅಳೆಯುವ ಸೇರು ಬಳ್ಳಕ್ಕೆ ಕಾಲು ತಾಗಿದರೆ, ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು ತಾಯಿ ಹಾಲಿನ ಜೊತೆ ಬಂದ ರೂಢಿ. ಹೀಗಿರುವಾಗ ಇಡೀ ಊರು ಆರತಿ ಎತ್ತಿದ ಚೆಂಡನ್ನು ಒದೆಯುವುದೆಂದರೇನು? ನಮ್ಮ ಹುಡುಗರು ಹೇಡಿಗಳಲ್ಲ. ಒದೆಯುತ್ತಿದ್ದರು. ಒದ್ದ ಕೂಡಲೇ ಚೆಂಡಿನ ಹಿಂದೆ ಓಡಿಹೋಗಿ, ಅದನ್ನು ಮುಟ್ಟಿ, ಕಣ್ಣಿಗೆ ಒತ್ತಿಕೊಂಡು, ಆಮೇಲೆ ಮುಂದಿನ ಮಾತು. ತಂಡದಲ್ಲಿ ಇಬ್ಬರು ಮುಸಲ್ಮಾನರಿದ್ದರು, ಅವರಾದರೂ ಒದೆಯಬಹುದಿತ್ತು. ನೆರೆಹೊರೆಯವರು ಕೈ ಮುಗಿದದ್ದನ್ನು ನಾವು ಹೇಗೆ ಒದೆಯೋದ್ರಿ, ಮುಖ ನೋಡಬೇಕಲ್ಲ, ಅಂತ ಅವರು ನಮಗಿಂತ ದೂರ ನಿಲ್ಲುತ್ತಿದ್ದರು. ಸುರಪುರದ ಮರ್ಯಾದೆ ಎಂದರೆ ಇದು.

ಮೊದಲ ಆಟ ಶಹಾಪುರದಲ್ಲಿ. ನಮ್ಮ ಮುಂಚೂಣಿಯ ಆಟಗಾರ ತಿಮ್ಮಣ್ಣ, ಜಿಂಕೆಯ ಕಾಲಿನವನು, ಸೀಟಿ ಊದಿದ ಕೂಡಲೇ ಚೆಂಡು ಒದ್ದ, ಬಗ್ಗಿದ, ಮುಟ್ಟಿದ. ಚೆಂಡಿಗೆ ಕೈ ತಾಗಿತೆಂದು ರೆಫರಿ ಚೆಂಡನ್ನು ಶಹಾಪುರದವರಿಗೆ ಕೊಟ್ಟ. ಆಟದುದ್ದಕ್ಕೂ ಇದೇ. ನನ್ನ ಕಡೆ ಚೆಂಡು ಹಾರಿ ಬಂದಾಗ ನಾನು ಸುಳ್ಳು ಹೇಳುವುದಿಲ್ಲ, ವಿಭೂತಿ ಹಚ್ಚಿಕೊಂಡು ದೇವರೇ ಬಂದಂತೆ ಕಂಡಿತು. ನನ್ನ ಎರಡೂ ಕೈ ತಾವಾಗಿ ಮುಗಿದವು, ಮೈ ತಾನಾಗಿ ಬದಿಗೆ ಸರಿಯಿತು. ಒಂಬತ್ತು ಗೋಲನ್ನು ನಾನು ಹೀಗೆ ಮರ್ಯಾದೆಯಿಂದ ಒಳಗೆ ಕರೆದುಕೊಂಡೆ. ಕಾಳು ಅಳೆಯುವವರು ಮೊದಲ ಸೇರಿಗೆ ಒಂದು ಅನ್ನದೆ ಲಾಭ ಅನ್ನುತ್ತಾರೆ; ಬದಿಯಲ್ಲಿ ನಿಂತ ಉಸ್ತಾದನದು ಆ ರೂಢಿಯ ಬಾಯಿ ನೋಡಿ, ಮೊದಲ ಗೋಲಿಗೂ 'ಲಾಭ' ಎಂದೇ ಕೂಗಿದ. ಆಮೇಲೆ ಎರಡು, ಮೂರು ಎಂದು ರಾಗವಾಗಿ ಎಣಿಸಿದ. ಎದುರಾಳಿ ಗೋಲು ಹೊಡೆದಾಗ ಲಾಭ ಎಂದು ಕೂಗುವ ಉಸ್ತಾದನನ್ನು ತಹಸೀಲದಾರರು ತಮ್ಮ ಸರ್ವಿಸ್ಸಿನಲ್ಲೇ ಕಂಡಿರಲಿಲ್ಲ.

ಯಾದಗಿರಿಯಲ್ಲಿ ಎಷ್ಟಾದವು ಎಂದು ಕೇಳಬೇಡಿ. ಅವರು ರೈಲು ಇಂಜಿನ್ ನೋಡಿ ಬೆಳೆದವರು, ನಿಲ್ಲುವುದೇ ಗೊತ್ತಿಲ್ಲ. ಊರಿಗೆ ಮರಳಿದಾಗ ಬಜಾರಿನಲ್ಲಿ ಯಾರೂ ನಗಲಿಲ್ಲ, ಅದೇ ಕೆಟ್ಟದ್ದು.

ಫುಟ್‌ಬಾಲ್ ಕಮಿಟಿಯ ಅಧ್ಯಕ್ಷರು ಫಕ್ರುದ್ದೀನ ಸಾಹೇಬರು, ಹಳೆಯ ಅದಾಲತ್ತಿನಲ್ಲಿ ಪೇಶ್ಕಾರರಾಗಿದ್ದವರು. ಉಪಾಧ್ಯಕ್ಷರು ನಮ್ಮ ರಾಮಣ್ಣ ಸಾಹುಕಾರರು. ಉಸ್ತಾದನನ್ನು ಬರ್ತರಫ್ ಮಾಡಲೇಬೇಕು ಎಂದು ಇಬ್ಬರೂ ಚಹಾ ಮುಗಿಯುವುದರೊಳಗೆ ನಿಶ್ಚಯಿಸಿದರು. ಹೇಳುವವರು ಯಾರು ಎಂದು ನಿಶ್ಚಯಿಸಲು ಮಾತ್ರ ಹಂಡೆ ಚಹಾ ಬೇಕಾಯಿತು. ಕಡೆಗೆ ಇಬ್ಬರೂ ಕೂಡಿಯೇ ಮರಿಲಿಂಗಪ್ಪನ ಮನೆಗೆ ಹೋದರು. ಮಾಡಿದ ತಪ್ಪೆಂದರೆ ಮಧ್ಯಾಹ್ನ ಹೋದದ್ದು. ಮೋನಮ್ಮ ಬಿಸಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು ತಂದಿಟ್ಟಳು. ಇಷ್ಟು ದೊಡ್ಡವರು ತನ್ನ ಹೊಸ್ತಿಲು ತುಳಿದರಲ್ಲ ಎಂದು ಬೇಡ ಅಂದರೂ ಕೇಳದೆ ಬಡಿಸಿದಳು. ಪುಂಡಿ ಪಲ್ಯ ಎರಡನೇ ಸಲ ಬಿದ್ದ ಮೇಲೆ ಬರ್ತರಫ್ ಅನ್ನುವ ಮಾತು ಯಾವ ಬಾಯಿಂದ ಬಂದೀತು? ಕೈ ತೊಳೆದು ಏಳುವ ಹೊತ್ತಿಗೆ ಅವರು ತಂಡಕ್ಕೆ ಹೊಸ ಅಂಗಿ ಹೊಲಿಸಿಕೊಡುವುದಾಗಿ ಮಾತು ಕೊಟ್ಟುಬಿಟ್ಟಿದ್ದರು.

ಆಗ ಫಕ್ರುದ್ದೀನ ಸಾಹೇಬರು ಸರಕಾರಿ ಉಪಾಯ ಹೂಡಿದರು. ಆ ಕಾಲದಲ್ಲಿ ಕಚೇರಿಗಳಲ್ಲಿ ಹಳಬರನ್ನು ಯಾರೂ ಹೋಗು ಅನ್ನುತ್ತಿರಲಿಲ್ಲ. ಅವರ ಕುರ್ಚಿಯ ಪಕ್ಕ ಇನ್ನೊಂದು ಕುರ್ಚಿ ಹಾಕಿ ಹೊಸಬನನ್ನು ಕೂಡಿಸುತ್ತಿದ್ದರು. ಕೆಲವು ದಿನ ಇಬ್ಬರೂ ಒಂದೇ ದೌತಿಯಲ್ಲಿ ಅದ್ದಿ ಬರೆದು, ಆಮೇಲೆ ಹಳಬ ತಾನೇ ತಿಳಿದುಕೊಂಡು ಕೊಡೆ ಎತ್ತಿಕೊಳ್ಳುತ್ತಿದ್ದ. ಹಾಗೆಯೇ ಯಾದಗಿರಿ ಸ್ಟೇಷನ್ನಿನ ಗುಮಾಸ್ತ ದೇವಿಂದ್ರನನ್ನು ಹೊಸ ಉಸ್ತಾದನೆಂದು ಕರೆಸಿದರು. ಹಳಬನನ್ನು ತೆಗೆದಿದ್ದೇವೆ, ಹೊಸಬ ಬರುತ್ತಿದ್ದಾನೆ ಎಂದು ತಹಸೀಲದಾರರಿಗೆ ತಿಳಿಸಿಯೂ ಆಯಿತು. ಇಡೀ ತಾಲೂಕಿನಲ್ಲಿ ಈ ಬರ್ತರಫ್ ಗೊತ್ತಿಲ್ಲದವರು ಮರಿಲಿಂಗಪ್ಪ ಮತ್ತು ಮೋನಮ್ಮ ಇಬ್ಬರೇ.

ಮರಿಲಿಂಗಪ್ಪ ತನಗೆ ಕೆಲಸ ಹೆಚ್ಚಾಯಿತೆಂದು ಕಮಿಟಿಯವರು ಕೈಕೆಳಗೆ ಆಳು ಕೊಟ್ಟಿದ್ದಾರೆ ಅಂದುಕೊಂಡ. ಮೋಟಾರು ನಿಲ್ಲುವಲ್ಲಿಗೆ ಹೋಗಿ ದೇವಿಂದ್ರನ ಟ್ರಂಕು ತಾನೇ ಹೊತ್ತ. ಭುಜ ತಟ್ಟಿ, ಅಂಜಬೇಡ, ನನ್ನ ಜೊತಿ ಇದ್ದರ ಎಲ್ಲಾ ಕಲೀತಿ ಎಂದು ಧೈರ್ಯ ಹೇಳಿದ. ದೇವಿಂದ್ರ ಆಟ ಬಲ್ಲವನು, ಅದರಲ್ಲಿ ಸಂಶಯವಿಲ್ಲ. ಗುಡ್ಡದ ಬುಡದ ಬಯಲಿಗೆ ಬಂದವನೇ ತಿಮ್ಮಣ್ಣನಿಗೆ ಒದಿ ಅಂದ. ತಿಮ್ಮಣ್ಣ ಒದ್ದ, ಬಗ್ಗಿದ, ಮುಟ್ಟಿದ. ದೇವಿಂದ್ರ ತಲೆ ಚಚ್ಚಿಕೊಂಡ. ಮತ್ತೊಮ್ಮೆ ಒದೆಸಿದ, ಮತ್ತೊಮ್ಮೆ ತಿಮ್ಮಣ್ಣ ಕಣ್ಣಿಗೆ ಒತ್ತಿಕೊಂಡ. ರೋಸಿಹೋದ ದೇವಿಂದ್ರ ಹಿಂದೆ ಸರಿದು, ಓಡಿ ಬಂದು, ರೈಲ್ವೆ ಬೂಟಿನಿಂದ ಚೆಂಡಿಗೆ ಒಂದು ಜಾಡಿಸಿದ.

ಚೆಂಡು ಮೊದಲು ಸಣ್ಣದಾಯಿತು, ಆಮೇಲೆ ಕಾಣದಾಯಿತು, ಆಮೇಲೆ ಗೊಲ್ಲಾಳಮ್ಮನ ಅಂಗಳದಲ್ಲಿ ಮಜ್ಜಿಗೆ ಗಡಿಗೆಯೊಳಗೆ ಇಳಿಯಿತು. ಗೊಲ್ಲಾಳಮ್ಮ ಎಂದರೆ ಪೊಲೀಸ್ ಅಮೀನರು ಕೂಡ ಓಣಿ ಬದಲಿಸುವ ಹೆಂಗಸು. ಅವಳು ಕೂಗಾಡಲಿಲ್ಲ. ಚೆಂಡನ್ನು ತೊಳೆದು, ಕುಂಕುಮ ಹಚ್ಚಿ, ತಾಟಿನಲ್ಲಿಟ್ಟು ಬಯಲಿಗೆ ತಂದಳು.

"ಯಾವನಪಾ ಇದನ್ನ ಒದ್ದವ?"

ನಾವೆಲ್ಲ ಗುಡ್ಡದ ಕಡೆ ನೋಡಿದೆವು. ಉಸ್ತಾದನೊಬ್ಬ ಮುಂದೆ ಬಂದು, ಹೊಸಬರನ್ನು ಪರಿಚಯ ಮಾಡಿಸುವ ಸೌಜನ್ಯದಿಂದ, ಇವರು ನನ್ನ ಕೈಕೆಳಗಿನವರು, ಯಾದಗಿರಿಯವರು, ಇನ್ನೂ ರೂಢಿ ಇಲ್ಲ ಎಂದ. ಗೊಲ್ಲಾಳಮ್ಮ ದೇವಿಂದ್ರನಿಂದ ಕಿವಿ ಹಿಡಿಸಿ ಬಸ್ಕಿ ಹೊಡೆಸಿ, ಗಲ್ಲ ಬಡಿಸಿ, ಚೆಂಡಿನ ಸುತ್ತ ಪ್ರದಕ್ಷಿಣೆ ಹಾಕಿಸಿದಳು. ಕಡೆಯ ಸುತ್ತಿನಲ್ಲಿ ಅವನ ಕಾಲು ಕಲ್ಲಿನ ಮೇಲೆ ಹೊರಳಿತು. ಕಣಕಾಲು ನೋಡನೋಡುತ್ತ ಕುಂಬಳಕಾಯಿ ಆಯಿತು. ನೋಡಿದವರು ಹಣ್ಣಾದ ಕುಂಬಳ ಅನ್ನುತ್ತಾರೆ. ನಾನು ಹೆಚ್ಚು ಹೇಳಬಾರದೆಂದು ಕಾಯಿ ಅನ್ನುತ್ತೇನೆ. ಸಂಜೆಯ ಮೋಟಾರಿಗೆ ದೇವಿಂದ್ರ ಹೋದ. ಟ್ರಂಕು ಮತ್ತೆ ಮರಿಲಿಂಗಪ್ಪನೇ ಹೊತ್ತ. ಈ ಸುದ್ದಿಯನ್ನು ಕಮಿಟಿಯವರು ನಾಚಿಕೆಯಿಂದ ತಹಸೀಲದಾರರಿಗೆ ತಿಳಿಸಲೇ ಇಲ್ಲ.

ಉಳಿದದ್ದು ಶಹಾಪುರದವರ ಜೊತೆ ಕಡೆಯ ಆಟ, ನಮ್ಮ ಬಯಲಿನಲ್ಲೇ. ಅವರು ಯಾದಗಿರಿಯನ್ನು ಸೋಲಿಸಿದ್ದರು. ಇದನ್ನೊಂದು ಗೆದ್ದರೆ ಕಪ್ಪು ಅವರದು. ನಾವು ಗೆದ್ದರೆ ಕಪ್ಪು ಯಾರದೆಂದು ಯಾರೂ ಲೆಕ್ಕ ಹಾಕಿರಲಿಲ್ಲ, ಅದರ ಅಗತ್ಯ ಕಂಡಿರಲಿಲ್ಲ. ತಹಸೀಲದಾರರೇ ಆಮೇಲೆ, ಕಡೆಯ ಆಟ ಗೆದ್ದವರಿಗೇ ಕಪ್ಪು, ಜನ ಬರಲಿ ಎಂದು ಡಂಗುರ ಹೊಡೆಸಿದರು.

ಆಟದ ಹಿಂದಿನ ಸಂಜೆ ಮರಿಲಿಂಗಪ್ಪ ಊಟಕ್ಕೆ ಕೂತಾಗ ಮೋನಮ್ಮ ನೀರಿನ ತಂಬಿಗೆ ಇಟ್ಟು ಎದುರಿಗೇ ಕೂತಳಂತೆ. ಇದನ್ನು ಅವನೇ ನನಗೆ ಹೇಳಿದ್ದು.

"ನಿನ್ನಿ ಬಾವ್ಯಾಗ ನೀರು ಸೇದುವಾಗ ಆ ಓಣಿಯಾಕಿ, 'ಬಾ ಮರಿಲಿಂಗ್ಯಾನ ಹೆಣ್ತಿ' ಅಂದ್ಲು. ಉಸ್ತಾದರ ಹೆಣ್ತಿ ಅಂತಿದ್ಲು ಮೊನ್ನಿತನಕ. ನಾಳಿ ನೀವು ಸೋತ್ರ ನಾ ಕೊಡ ತಗೊಂಡು ಯಾವ ಬಾವಿಗೆ ಹೋಗ್ಲಿ ಹೇಳ್ರಿ."

ಮರಿಲಿಂಗಪ್ಪ ಮುರಿದ ರೊಟ್ಟಿಯನ್ನು ತಿರುಗಿ ತಾಟಿಗೇ ಇಟ್ಟ. ಹೈದರಾಬಾದಿನ ಬುಟ್ಟಿ ನೆನಪಾಯಿತು. ಆದರೆ ಆ ಮನುಷ್ಯನ ತಲೆಯಲ್ಲಿ ಇದ್ದದ್ದೆಲ್ಲ ಕಾಳಿನ ಅಂಗಡಿಯದೇ ಬುದ್ಧಿ, ಆ ಅಂಗಡಿಯೇ ಕೈ ಹಿಡಿಯಿತು. ಸಾಹುಕಾರರು ಬಿತ್ತನೆಗೆ ಮೊದಲೇ ರೈತರಿಗೆ ಮುಂಗಡ ಕೊಡುತ್ತಾರೆ, ಸುಗ್ಗಿಯಲ್ಲಿ ಮಾಲು ಎತ್ತುವಾಗ ಯಾರೂ ಅಡ್ಡ ಬರುವುದಿಲ್ಲ. ಹಾಗಾದರೆ ನಮಸ್ಕಾರಕ್ಕೂ ಮುಂಗಡ ಯಾಕೆ ಇರಬಾರದು?

ಮುಂಜಾನೆ ನಮ್ಮನ್ನೆಲ್ಲ ಬಯಲಿಗೆ ಕರೆಸಿದ. ಚೆಂಡನ್ನು ಗದ್ದಿಗೆಯ ಮೇಲಿಟ್ಟ. ಇವತ್ತು ಒದೆಯೋ ಒದೆಗೆಲ್ಲ ಈಗಲೇ ಬಗ್ಗಿ ಮುಟ್ಟಿ ಚುಕ್ತಾ ಮಾಡ್ರಿ, ಆಟದಾಗ ಯಾರೂ ಬಗ್ಗೋದಿಲ್ಲ, ಮ್ಯಾಲೆ ಹೆಚ್ಚಾದ ಕೊಸರು ನನ್ನ ಲೆಕ್ಕಕ್ಕಿರಲಿ ಎಂದ. ಎಂಥ ಮಾತು. ನಮ್ಮ ಮೈಮೇಲಿಂದ ಬಂಡೆ ಸರಿದಂತಾಯಿತು. ಒದ್ದು ಒದ್ದು ಪಾಪ ಕಟ್ಟಿಕೊಂಡವರೆಲ್ಲ ಸಾಲಾಗಿ ನಿಂತು ಬಗ್ಗಿದೆವು, ಎದ್ದೆವು, ಬಗ್ಗಿದೆವು. ತಿಮ್ಮಣ್ಣ ತನ್ನ ಕಾಲಿನ ಜೋರು ತನಗೇ ಗೊತ್ತಿದ್ದುದರಿಂದ ಹೊತ್ತು ನೆತ್ತಿಗೇರುವ ತನಕ ನಮಸ್ಕಾರ ಹಾಕಿದ. ಮುಸಲ್ಮಾನ ಗೆಳೆಯರು ನೆರಳಲ್ಲಿ ಕೂತು, ನಿಮ್ಮದು ಚುಕ್ತಾ ಆದರೆ ನಮ್ಮದೂ ಆದಂಗ ಎಂದು ಒಪ್ಪಿಗೆ ಕೊಟ್ಟರು.

ಅಷ್ಟರಲ್ಲಿ ಶಹಾಪುರದವರು ಬಂಡಿ ಇಳಿದು ಬಂದು ಇದನ್ನು ನೋಡಿದರು. ಅವರ ಗೋಲ್‌ಕೀಪರ್ ನನ್ನ ಹತ್ತಿರ ಬಂದು ಇದೇನಪ್ಪ ಎಂದು ಕೇಳಿದ. ನಾನು ಸತ್ಯವಂತ. ಇದ್ದದ್ದನ್ನು ಇದ್ದಂತೆ ಹೇಳಿ, ಸ್ವಲ್ಪ ಮೇಲೆ ಸುರಿದೆ. ಮಹಾನವಮಿಯ ಪೂಜೆ ಹೇಳಿದೆ, ಉಡಿ ತುಂಬಿದ್ದು ಹೇಳಿದೆ. ಮುಟ್ಟಿ ನಮಸ್ಕಾರ ಮಾಡದೆ ಒದ್ದ ಯಾದಗಿರಿಯ ಗುಮಾಸ್ತನ ಕಾಲು ಹೇಗೆ ಬಾತಿತು, ಅದನ್ನು ಟಾಂಗಾಕ್ಕೆ ಹತ್ತಿಸಲು ಆರು ಮಂದಿ ಹೇಗೆ ಬೇಕಾದರು, ಟಾಂಗಾದ ಅಚ್ಚು ಹೇಗೆ ಮುರಿಯಿತು ಎಲ್ಲ ಹೇಳಿದೆ. ಅವನು ಸುಮ್ಮನೆ ತನ್ನ ಕಾಲು ನೋಡಿಕೊಂಡ. ಇದೇ ಚೆಂಡನ್ನು ಅವರು ಶಹಾಪುರದಲ್ಲಿ ಒಂದು ಇಡೀ ಮಧ್ಯಾಹ್ನ ಒದ್ದಿದ್ದರು.

ಆಟ ಶುರುವಾಯಿತು. ಗುಡ್ಡದ ಮೇಲೆ, ಮರದ ಮೇಲೆ, ಕೋಟೆ ಗೋಡೆಯ ಮೇಲೆ ಜನ. ನನ್ನ ಅಂದಾಜಿಗೆ ಒಂದು ಲಕ್ಷ. ಕಡಿಮೆ ಹೇಳುವವರು ಅಂದು ಊರಲ್ಲಿರಲಿಲ್ಲ. ನಮ್ಮವರು ಒದೆಯಲು ಶುರು ಮಾಡಿದರು ನೋಡಿ, ಯಾರೂ ಬಗ್ಗಲಿಲ್ಲ. ಬೇಸಿಗೆಯಲ್ಲಿ ಕಟ್ಟಿಹಾಕಿದ ಹೋರಿಗಳನ್ನು ಬಿಟ್ಟಂತೆ. ಶಹಾಪುರದವರ ಕಡೆ ಚೆಂಡು ಹೋದರೆ ಅವರು ಕೆಂಡ ತುಳಿದವರಂತೆ ಹಿಂದೆ ಸರಿದರು. ಅವರ ನಾಯಕ ಮರೆತು ಒಮ್ಮೆ ಒದ್ದ. ಒದ್ದವನೇ ಗಾಬರಿಯಾಗಿ ಬಗ್ಗಿ ಚೆಂಡು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ರೆಫರಿ ಸೀಟಿ ಊದಿದ. ಆ ಸೀಟಿ ನಮಗೆ ಎಷ್ಟು ಪರಿಚಯದ್ದು. ಚೆಂಡು ನಮ್ಮದಾಯಿತು. ತಿಮ್ಮಣ್ಣ ಓಡಿ ಬಂದು ಬಾರಿಸಿದ. ಶಹಾಪುರದ ಗೋಲ್‌ಕೀಪರ್ ಬರುವ ಚೆಂಡನ್ನು ನೋಡಿ ಎರಡೂ ಕೈ ಮುಗಿದು ಬದಿಗೆ ಸರಿದ. ನಾನು ಈ ಕಡೆಯಿಂದ ಅವನಿಗೆ ತಲೆದೂಗಿದೆ. ಆ ಭಂಗಿಯ ಕಷ್ಟ ಬಲ್ಲವನು ನಾನೊಬ್ಬನೇ.

ಒಂದೇ ಗೋಲು. ನಾವು ಗೆದ್ದೆವು. ಗುಡ್ಡದ ಬಂಡೆಗಳು ಅಂದು ಎದ್ದ ಕೇಕೆಗೆ ಒಂದು ಗೇಣು ಸರಿದವು, ಬೇಕಾದರೆ ಹೋಗಿ ನೋಡಬಹುದು.

ತಹಸೀಲದಾರರು ಮೇಜಿನ ಹಿಂದೆ ಕಪ್ಪು ಹಿಡಿದು ನಿಂತರು. ಉಸ್ತಾದ ಮರಿಲಿಂಗಪ್ಪ ಎದೆ ಉಬ್ಬಿಸಿ ಮುಂದೆ ಹೋದ. ಸಾಹೇಬರು ಅವನನ್ನು ನೋಡಿ, ಹಿಂದೆ ನೋಡಿ, ಫಕ್ರುದ್ದೀನ ಸಾಹೇಬರ ಕಡೆ ತಿರುಗಿದರು.

"ಹೊಸ ಉಸ್ತಾದರು ಎಲ್ರೀ? ಇವರನ್ನ ಆವಾಗಲೇ ತೆಗೆದುಹಾಕಿದೀವಿ ಅಂತ ತಿಳಿಸಿದ್ದಿರಲ್ಲ."

ತಹಸೀಲದಾರರ ದನಿ ದೊಡ್ಡದು. ಮರದ ಮೇಲಿದ್ದವರಿಗೂ ಕೇಳಿಸಿತು. ಹೆಂಗಸರ ಗುಂಪಿನಲ್ಲಿ ಮೋನಮ್ಮ ನಿಂತಿದ್ದಳು, ಅವಳ ಅತ್ತ ಇತ್ತ ಇದ್ದವರು ಮೆಲ್ಲಗೆ ಜಾಗ ಬಿಟ್ಟರು.

ಮರಿಲಿಂಗಪ್ಪ ಫಕ್ರುದ್ದೀನ ಸಾಹೇಬರನ್ನು ಯಾವಾಗಿಂದ ಎಂದು ಕೇಳಿದ. ಅವರು ಗಡ್ಡ ಸವರಿಕೊಂಡು, ಯಾದಗಿರಿ ಆಟ ಆದಾಗಿಂದ ಎಂದರು. ನನಗ ಯಾಕ ಹೇಳಲಿಲ್ಲ ಎಂದು ರಾಮಣ್ಣ ಸಾಹುಕಾರರನ್ನು ಕೇಳಿದ. ಹೇಳಾಕಂತ ಬಂದಿದ್ವಿ, ಉಂಡು ಹೋದ್ವಿ ಎಂದು ಸಾಹುಕಾರರು ನೆಲ ನೋಡಿದರು. ಮರಿಲಿಂಗಪ್ಪ ಕೊರಳಿನ ಸೀಟಿ ತೆಗೆದು ಮೇಜಿನ ಮೇಲಿಟ್ಟ. ಮುಗಿಯಿತು, ಇನ್ನು ಈ ಮನುಷ್ಯ ತಲೆ ತಗ್ಗಿಸಿ ನಡೆದುಬಿಡುತ್ತಾನೆ ಎಂದು ನಾನು ಕಣ್ಣು ಮುಚ್ಚಿಕೊಂಡೆ. ಅವನು ನಡೆಯಲಿಲ್ಲ. ಎರಡೂ ಕೈ ಮುಂದೆ ಚಾಚಿದ.

"ಹಂಗಿದ್ರ ಇವತ್ತು ಗೆಲ್ಲಿಸಿದಾವ ಉಸ್ತಾದ ಅಲ್ರಿ ಸಾಹೇಬ್ರ. ಜೋಳ ಅಳಿಯೋ ಮರಿಲಿಂಗಪ್ಪ ಗೆಲ್ಲಿಸ್ಯಾನ. ಕಪ್ಪು ಅವನ ಕೈಯಾಗ ಕೊಡ್ರಿ."

ತಹಸೀಲದಾರರು ಮೇಜು ಸುತ್ತಿಕೊಂಡು ಈಚೆ ಬಂದು ಕಪ್ಪು ಕೊಟ್ಟರು. ಮೊದಲು ಚಪ್ಪಾಳೆ ತಟ್ಟಿದವಳು ಗೊಲ್ಲಾಳಮ್ಮ; ಅವಳು ತಟ್ಟಿದ ಮೇಲೆ ತಟ್ಟದೆ ಉಳಿಯುವ ಗಂಡಸು ಯಾರು? ಶಹಾಪುರದವರೂ ತಟ್ಟಿದರು. ಅವರು ತಮ್ಮ ಉಸ್ತಾದನನ್ನು ಅದೇ ಸಂಜೆ, ಬಂಡಿಯಲ್ಲೇ, ಊರು ಮುಟ್ಟುವ ಮೊದಲೇ ತೆಗೆದರಂತೆ. ಅವರದು ಅವಸರದ ಊರು.

ಮರುದಿನ ಮುಂಜಾನೆ ಮರಿಲಿಂಗಪ್ಪ ಎಂದಿನಂತೆ ಅಂಗಡಿಗೆ ಬಂದ, ಕಪ್ಪು ಬಗಲಲ್ಲಿತ್ತು. ರಾಮಣ್ಣ ಸಾಹುಕಾರರು ಗಾದಿಯ ಮೇಲಿಂದ ಬಾಯಿ ತೆರೆದರು. 'ಲೇ' ಅನ್ನುವುದು ತುಟಿಯ ತನಕ ಬಂದದ್ದು ನನಗೆ ಕಂಡಿತು, ಮುಂದೆ ಬರಲಿಲ್ಲ. ಉಸ್ತಾದ ಅನ್ನಲು ತಾವೇ ತೆಗೆದುಹಾಕಿದ್ದರು. ಸಾಹುಕಾರರು ಕೆಮ್ಮಿದರು, ಪಗಡಿ ಸರಿ ಮಾಡಿಕೊಂಡರು, ಗೋಡೆಯ ಕಡೆ ನೋಡಿದರು.

"ಮರಿಲಿಂಗಪ್ಪನವರ, ಜೋಳ ಅಳೀತೀರೇನ್ರಿ?"

"ಅಳೀತೀನ್ರಿ," ಎಂದ ಮರಿಲಿಂಗಪ್ಪ. ಹಿತ್ತಾಳೆಯ ಸೇರನ್ನು ಬದಿಗೆ ಸರಿಸಿ, ಬೆಳ್ಳಿ ಕಪ್ಪನ್ನು ಜೋಳದ ರಾಶಿಯಲ್ಲಿ ಮೊಗೆದು ಅಳೆಯಲು ಕೂತ. ಅದು ಒಂದು ಸೇರಿಗಿಂತ ಬೊಗಸೆಯಷ್ಟು ಹೆಚ್ಚೇ ಹಿಡಿಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಗಿರಾಕಿಗಳ ಸಾಲು ರಂಗಂಪೇಟೆ ದಾಟಿ ಸುರಪುರದ ಅಗಸಿ ಬಾಗಿಲು ಮುಟ್ಟಿತು. ಸಾಹುಕಾರರು ಪ್ರತಿ ಸಲ ಆ ಬೊಗಸೆ ಬೀಳುವುದನ್ನು ನೋಡುತ್ತ ಕೂತಿದ್ದರು. ಬೇಡ ಅಂತ ಒಂದು ಸಲವೂ ಅನ್ನಲಿಲ್ಲ.